ಸೈಮಿ ಕೇಳಿದ ಗೋಡೆ

ಏಪ್ರಿಲ್ ಬಂದರೂ ಕುಹ್ಮೋದ ಹೊಲಗಳ ಮೇಲೆ
ಮೊಣಕಾಲುದ್ದ ಹಿಮ.
ಕಾಗದದ ಮೇಲಿನ ಮನೆ ಸಾಲದು ಎಂದ ಯಾರ್ಮೋ,
ಬೂಟುಗಾಲಲ್ಲಿ ತುಳಿದು ತುಳಿದು
ನನ್ನ ನಕ್ಷೆಯನ್ನೇ ನೆಲಕ್ಕಿಳಿಸಿದ,
ಒಂದಕ್ಕೆ ಒಂದು, ಅಳತೆ ತಪ್ಪದೆ.
ಗೋಡೆಗಳೆಲ್ಲ ಹಾದಿಗಳಾದವು.
ಬಾಗಿಲಿದ್ದಲ್ಲಿ ಸ್ಪ್ರೂಸ್ ಟೊಂಗೆ,
ಒಲೆಯಿದ್ದಲ್ಲಿ ಮಗುಚಿಟ್ಟ ಬಕೆಟ್ಟು.

ನಾನು ಮೂವತ್ತೆಂಟು ವರ್ಷದಿಂದ
ಬೇರೆಯವರ ಮನೆಗಳನ್ನು ಗೀಚುತ್ತಿರುವವಳು.
ಗಂಡ ಹೆಂಡಿರ ಜಗಳ ಯಾವ ಗೆರೆಯ ಹತ್ತಿರ ಶುರುವಾಗುತ್ತದೆಂದು
ಪೆನ್ಸಿಲ್ಲಿಗೇ ಗೊತ್ತಾಗುವಷ್ಟು ಕಾಲ.
ಸಾಮಾನ್ಯವಾಗಿ ಬಚ್ಚಲು. ಅದು ಬಿಟ್ಟರೆ ಅವರಮ್ಮನ ಕೋಣೆ.

ಈ ಮನೆಯ ತಕರಾರೇ ಬೇರೆ.
ಸೈಮಿಗೆ ಹತ್ತು ವರ್ಷ. ಹುಟ್ಟಿದಂದಿನಿಂದ ಕಿವಿ ಕೇಳಿಸದು.
ಮಾತೆಲ್ಲ ಕೈಯಲ್ಲಿ, ಹುಬ್ಬಲ್ಲಿ, ಕೆನ್ನೆಯ ಉಬ್ಬಲ್ಲಿ.
"ನಮಗೆ ಗೋಡೆ ಅಂದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ"
ಎಂದು ರೈಯಾ ಮೊದಲ ದಿನವೇ ಹೇಳಿದ್ದಳು.
ಗೋಡೆಗೂ ಕಿವಿ ಇರುತ್ತದಂತೆ; ಇರಲಿ,
ಇಲ್ಲಿ ಬೇಕಾದದ್ದು ಕಣ್ಣು.

ಹಾಗಾಗಿ ಅಳಿಸುತ್ತ ಹೋದೆ.
ಅಡುಗೆಮನೆಗೂ ಊಟದ ಮೇಜಿಗೂ ನಡುವಿನದು ಹೋಯಿತು.
ಮೆಟ್ಟಿಲ ಪಕ್ಕದ್ದು ಕಂಬಿಯಾಯಿತು. ಮೂಲೆಗಳನ್ನು ಬಾಗಿಸಿದೆ,
ಕೈಯಲ್ಲಿ ಮಾತಾಡುತ್ತ ನಡೆವವರು
ಎದುರು ಬರುವವರಿಗೆ ಡಿಕ್ಕಿ ಹೊಡೆಯದಂತೆ.
ಮೇಜು ಗುಂಡಗೆ. ಬೆಳಕು ಮುಖದ ಮೇಲೆ;
ಕಿಟಕಿಗೆ ಬೆನ್ನು ಕೊಟ್ಟವರ ಮಾತು ಬರೀ ಕಪ್ಪು ನೆರಳು.
ನೆಲ ಕಾಂಕ್ರೀಟಾದರೆ ಅಗ್ಗ, ಆದರೆ ಅದು ಸುದ್ದಿ ಮುಟ್ಟಿಸದು.
ಹಲಗೆ ಬೇಕು, ಕೆಳಗೆ ಟೊಳ್ಳು ಬೇಕು:
ಈ ತುದಿಯಲ್ಲಿ ಒಮ್ಮೆ ಕಾಲು ಅಪ್ಪಳಿಸಿದರೆ
ಆ ತುದಿಯಲ್ಲಿ ಕೂತವಳ ಪಾದಕ್ಕೆ
ಹೆಸರು ಹಿಡಿದು ಕರೆದಂತಾಗಬೇಕು.
ಲೆಕ್ಕ ಹಾಕಿದೆವು. ಹದಿನಾಲ್ಕು ಸಾವಿರ ಯೂರೋ ಹೆಚ್ಚು.
ಯಾರ್ಮೋ ಗ್ಯಾರೇಜಿನ ಮೇಲೆ ಕಾಟು ಹೊಡೆದ.

ತಾತ ತಾವೆತ್ತಿಯದೊಂದೇ ಹಟ, ಸೌನಾ.
ಬಿಸಿಹಬೆಯ ಆ ಮರದ ಕೋಣೆ
ಕತ್ತಲಾಗಿರಬೇಕು, ತನ್ನಪ್ಪನ ಕಾಲದ ಹಾಗೆ.
ಕತ್ತಲಲ್ಲಿ ಕೈ ಕಾಣದಲ್ಲ ಎಂದು ರೈಯಾ.
ಕಿಟಕಿ ಬರೆದೆ, ಅಳಿಸಿದೆ, ಬರೆದೆ.
ಕಾಗದ ಅಲ್ಲೇ ತೂತು ಬಿತ್ತು.

ಈಗ ಹಿಮದ ಮನೆಯಲ್ಲಿ ಎಲ್ಲರೂ ನಡೆದು ನೋಡುತ್ತಿದ್ದಾರೆ.
ಬಕೆಟ್ಟಿನ ಒಲೆಯ ಬಳಿ ರೈಯಾ ಕೈಗವಸು ಕಳಚಿ
ಒಂಬತ್ತು ಮೀಟರ್ ಆಚೆಗೆ ಕೇಳಿದಳು: ಕಾಣಿಸುತ್ತಾ?
ಕಾಣಿಸುತ್ತೆ.
ಮೆಟ್ಟಿಲ ಬಳಿಯಿಂದ ಅಪ್ಪ: ಕಾಣಿಸುತ್ತಾ?
ಕಾಣಿಸುತ್ತೆ.
ನನಗೆ ಹೆಮ್ಮೆ, ಸುಳ್ಳೇಕೆ.

ಅಷ್ಟರಲ್ಲಿ ಅವಳು ತನ್ನ ಕೋಣೆಗೆ ಹೋದಳು.
ನಾನು ಗಾಜಿನ ಗೋಡೆ ಕೊಟ್ಟ ಕೋಣೆ,
ಎಲ್ಲಿಂದ ನೋಡಿದರೂ ಸಿಗುವಂಥದ್ದು.
ಮೊಣಕಾಲೂರಿ, ಹಿಮ ಬಗೆದು ಬಗೆದು
ಗಾಜಿದ್ದ ಗೆರೆಯ ಮೇಲೆ ಪೇರಿಸತೊಡಗಿದಳು.
ಸೊಂಟದವರೆಗೆ. ಎದೆಯವರೆಗೆ.
ಆಮೇಲೆ ಎದ್ದು, ಕೆಂಪಾದ ಕೈಗಳಲ್ಲಿ ಅವಳು ಹೇಳಿದ್ದನ್ನು
ರೈಯಾ ನನಗೆ ಬಾಯಲ್ಲಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು:

"ನಿಮಗೆ ಕಿಟಕಿಯಾಚೆ ನೋಡುತ್ತಿದ್ದರೂ ಮಾತು ಕೇಳಿಸುತ್ತದೆ.
ನಾನು ಕಣ್ಣು ತೆಗೆದರೆ ಒಂದು ವಾಕ್ಯ ಹೋಯಿತು.
ದಿನವಿಡೀ ನೋಡುತ್ತಲೇ ಇರಬೇಕು.
ಯಾರೂ ನನ್ನ ಜೊತೆ ಮಾತಾಡಲಾಗದ ಒಂದು ಜಾಗ ನನಗೂ ಬೇಕು.
ಸೌನಾಗೆ ಕಿಟಕಿ ಬೇಡ.
ಅಲ್ಲಿ ತಾತ ನನ್ನ ಅಂಗೈ ಮೇಲೆ ಬರೆಯುತ್ತಾನೆ,
ಒಂದೊಂದೇ ಅಕ್ಷರ. ತಪ್ಪು ತಪ್ಪಾಗಿ."

ಮುದುಕನಿಗೆ ಅವಳ ಭಾಷೆ ಬಾರದೆಂದೇ
ನಾವೆಲ್ಲ ತಿಳಿದಿದ್ದೆವು.
ಅವನು ಬೂಟಿನ ತುದಿ ನೋಡುತ್ತ ನಿಂತ.

ನಾನು ಪೆನ್ಸಿಲ್ ತೆಗೆದೆ. ಬೆರಳು ಮರಗಟ್ಟಿ
ಗೆರೆ ಸ್ವಲ್ಪ ಸೊಟ್ಟಗೆ ಬಂತು.
ಹದಿನೈದು ಸೆಂಟಿಮೀಟರು, ಇಡೀ ಮರ,
ಬಾಗಿಲಿಗೆ ಒಳಗಿನಿಂದ ಚಿಲಕ.

ಮೇ ತಿಂಗಳಲ್ಲಿ ಮನೆಯೆಲ್ಲ ಕರಗಿ ಹೋಯಿತು;
ಅವಳು ಪೇರಿಸಿದ ಆ ಗೋಡೆ ಮಾತ್ರ
ಒಂದು ವಾರ ತಡವಾಗಿ.