ಹದಿನೇಳು ಡಿಗ್ರಿ

ಹಸುವಿನದಾದರೆ ಸಲೀಸು. ನೈಟ್ರೋಜನ್ ಕ್ಯಾನಿನಲ್ಲಿ ಕಲ್ಲಾಗಿಸಿಟ್ಟರೆ
ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ.
ಹಂದಿಯದು ಹಾಗಲ್ಲ,
ತಣ್ಣಗಾದರೂ ಸಾಯುತ್ತದೆ, ಬೆಚ್ಚಗಾದರೂ.
ಹದಿನೇಳು ಡಿಗ್ರಿ: ಡಿಸೆಂಬರಿನ ಬೆಳಗಿನ ಐದಕ್ಕೆ
ಅರಸೀಕೆರೆ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚು.

ಜಾವಗಲ್ ರಸ್ತೆಯ ಶೆಡ್ಡಿನಲ್ಲಿ ದಿಮ್ಮಿಗೆ ಗೋಣಿ ಸುತ್ತಿ
ಹೆಣ್ಣೆಂದು ನಿಲ್ಲಿಸಿದ್ದೆವು.
ದೊರೆ ಮೂಸುತ್ತಿದ್ದ, ನೊರೆ ಸುರಿಸಿ ಹತ್ತುತ್ತಿದ್ದ.
ಮೋಸ ಗೊತ್ತಿದ್ದೇ ಹತ್ತುತ್ತಿದ್ದ ಎಂದು ನನ್ನ ಅನುಮಾನ.
ಏಳು ನಿಮಿಷ ಕೈ ಸಡಿಲಿಸುವ ಹಾಗಿಲ್ಲ.
ಥರ್ಮಾಸಿನ ಬಾಯಿಗೆ ಕಟ್ಟಿದ ಸೋಸುಬಟ್ಟೆಯ ಮೇಲೆ
ಬೆಂದ ಸಬ್ಬಕ್ಕಿಯಂಥ ಅಂಟು,
ಕೆಳಗೆ ಹಾಲು.

ಭಾನುವಾರ ಪೂಜೆ ಮುಗಿದ ಮೇಲೆ ಯಾರಾದರೂ ಕೇಳಿದರೆ
ಲ್ಯಾಬಲ್ಲಿ ಕೆಲಸ ಅನ್ನುತ್ತೇನೆ.
ಸುಳ್ಳಲ್ಲ.

ಬೆಚ್ಚಗಿನ ಗಾಜಿನ ಮೇಲೆ ಒಂದು ಹನಿ.
ಪ್ಯಾಸೆಂಜರ್ ರೈಲು ನಿಂತೊಡನೆ ಇಳಿದ ಜನ,
ಎಲ್ಲರಿಗೂ ಎಲ್ಲಿಗೋ ತಡವಾಗಿದೆ.
ನೂರಕ್ಕೆ ಎಂಬತ್ತು ನೆಟ್ಟಗೆ ಹೋಗುತ್ತವೆ;
ಸುಮ್ಮನೆ ಸುತ್ತುವವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಪುಡಿ ಕರಗಿಸಿದ ನೀರು ಬೆರೆಸಿ ಇಪ್ಪತ್ತು ಬಾಟಲಿ.
ಬೆಳಿಗ್ಗೆ ಸಂಜೆ ಮಗ್ಗುಲು ಬದಲಿಸಬೇಕು, ಕೂಸಿನ ಹಾಗೆ,
ಇಲ್ಲದಿದ್ದರೆ ತಳಕ್ಕಿಳಿದು ಒಂದರಡಿ ಒಂದು ಉಸಿರುಗಟ್ಟುತ್ತವೆ.

ಮಂಗಳವಾರ ತುಂಬಿಸಿದೆ.
ಬುಧವಾರ ದೊರೆ ಏಳಲಿಲ್ಲ.
ತೊಟ್ಟಿಯ ಕಡೆ ಮುಖ, ಹಿಂಗಾಲು ಚಾಚಿ.
ಸೀಳಿ ನೋಡಿ ಡಾಕ್ಟರು, ಹೃದಯ, ರೋಗವಲ್ಲ ಅಂದರು.
ಮಾಲೀಕ ಬಸಲಿಂಗಪ್ಪ ಹೊಂಡ ತೋಡಿಸಿದ, ಸುಣ್ಣ ಸುರಿಸಿದ,
ಬಹಳ ಹೊತ್ತು ನಿಂತಿದ್ದು ಕೇಳಿದ:
“ಪೆಟ್ಟಿಗೆ ಸ್ವಿಚ್ಚು ಹಾಕೈತೆ ತಾನೆ?”

ಹಾಕಿತ್ತು. ಒಳಗೆ ದೊರೆ ಇನ್ನೂ ಈಜುತ್ತಿದ್ದ.
ಸಂಜೆ ಮಗ್ಗುಲು ಬದಲಿಸಿದೆ.

ಗುರುವಾರ ಕಣಕಟ್ಟೆಯಿಂದ ಯಲ್ಲಕ್ಕನ ಫೋನು,
“ಬೆದೆಗೆ ಬಂದೈತೆ ಕಣ್ ರೆಜೀನಮ್ಮ, ಮೇವು ಮುಟ್ತಿಲ್ಲ.”
ಬಾಟಲಿಯನ್ನು ಸ್ವೆಟರಿನೊಳಗೆ ಹಾಕಿಕೊಂಡು ಬಸ್ಸು ಹತ್ತಿದೆ.
ಜೊತೆಗೊಂದು ಚಿಂದಿ, ಸೋಮವಾರ
ಅವನ ಬಾಯಿ ಒರೆಸಿದ್ದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟದ್ದು.
ಅದನ್ನು ಮೂಗಿಗೆ ಹಿಡಿದೆ.
ಬೆನ್ನ ಮೇಲೆ ಎರಡೂ ಅಂಗೈ ಊರಿ ಒತ್ತಿದೆ.
ಕಿವಿ ನಿಮಿರಿಸಿ ಕಂಬದ ಹಾಗೆ ನಿಂತಳು,
ಇಲ್ಲದವನಿಗಾಗಿ.

ನಳಿಗೆ ಎಡಕ್ಕೆ ತಿರುಗಿ, ತಿರುಗಿ, ಕಚ್ಚಿಕೊಂಡಿತು.
ಬಾಟಲಿ ಎತ್ತಿ ಹಿಡಿದೆ. ಹಿಂಡಬಾರದು,
ಅವಳೇ ಎಳೆದುಕೊಳ್ಳಬೇಕು.
ಯಲ್ಲಕ್ಕ ಬಾಯಿಗೆ ಸೆರಗು ಒತ್ತಿ, “ಇಷ್ಟೇನಾ ಸಂಸಾರ!”
ಆಮೇಲೆ ಗೆಣ್ಣು ಮುಟ್ಟಿ ಎಣಿಸತೊಡಗಿದಳು:
ಮೂರು ತಿಂಗಳು, ಮೂರು ವಾರ, ಮೂರು ದಿನ.
“ಗಂಡು ಹೆಂಗೈತೆ, ಚೆನ್ನಾಗೈತಾ?”
ಚೆನ್ನಾಗಿದ್ದ, ಅಂದೆ. ಅವಳಿಗೆ ‘ದ್ದ’ ಕೇಳಿಸಲಿಲ್ಲ.

ಭಾನುವಾರ ಉಳಿದದ್ದು ಒಂದು ಬಾಟಲಿ, ಐದನೆಯ ದಿನ.
ಪೂಜೆಗೆ ಹೊರಟವಳು ಒಂದು ಹನಿ ಗಾಜಿಗೆ ಹಾಕಿ ನೋಡಿದೆ.
ನಾಲ್ಕೋ ಐದೋ,
ಎಲ್ಲಿಗೂ ಹೋಗದೆ ನಿಂತಲ್ಲೇ ಬಾಲ ಆಡಿಸುತ್ತಿದ್ದವು.
ಲೆಕ್ಕಕ್ಕೆ ಬಾರದವು.
ದೀಪ ಆರಿಸಲು ಕೈ ಬರಲಿಲ್ಲ,
ಅವು ನಿಲ್ಲುವವರೆಗೆ ಕೂತೆ.

ತಡವಾಯಿತು. ಯಾಕೆ ಅಂದವರಿಗೆ
ಲ್ಯಾಬಲ್ಲಿ ಕೆಲಸವಿತ್ತು, ಅಂದೆ.