ಬಾಕಿ

ನಲವತ್ತೆಂಟು ವರ್ಷ ಎದುರುಮನೆಯವಳು ನಾನು,
ಒಳಗೆ ಕಾಲಿಟ್ಟದ್ದು ಇವತ್ತೇ.
ಪುಸ್ತಕಕ್ಕಲ್ಲ, ಚಹಾಕ್ಕೆ.
ಹೊರದೇಶದವರು ಆರು ಮಂದಿ ಬಂದಿದ್ದಾರೆ,
ಮೂರು ಸುತ್ತು ಕಾಸಿಕೊಡು ತಂಗಿ, ಅಂದಿದ್ದ ಅಬ್ದಾತಿ.

ಕೀಲಿಯೂ ಮರದ್ದೇ,
ಮೊಳದುದ್ದ, ತುದಿಗೆ ಹಲ್ಲಿನಂಥ ನಾಲ್ಕು ಗೂಟ.
ತೂರಿಸಿ ಮೇಲಕ್ಕೆತ್ತಿದ;
ಬಾಗಿಲು ಮುದುಕನ ಮಂಡಿಯ ಹಾಗೆ ಲಟಕ್ಕೆಂದಿತು.
ಮೊದಲು ಅದ್ರಾರಿನ ಮರಳು ಒಳಹೊಕ್ಕಿತು, ಆಮೇಲೆ ನಾವು.

ಖರ್ಜೂರದ ತೊಲೆ, ತಗ್ಗು ಮಾಡು.
ತಗಡಿನ ಪೆಟ್ಟಿಗೆಗಳಲ್ಲಿ, ರಟ್ಟಿನ ಡಬ್ಬಗಳಲ್ಲಿ
ಜಿಂಕೆಚರ್ಮ ಹೊದ್ದು ಮಲಗಿದ್ದವು ಹೊತ್ತಗೆ.
ಅಬ್ದಾತಿ ಬಿಳಿ ಕೈಗವಸು ತೊಟ್ಟು
ನಕ್ಷತ್ರಗಳ ಲೆಕ್ಕದ್ದೊಂದನ್ನು ತೆರೆದ:
ಕೆಂಪು ವೃತ್ತ, ಕಪ್ಪು ವೃತ್ತ,
ನಡುವೆ ಗೆದ್ದಲು ಕೊರೆದ ಮೂರನೆಯ ವೃತ್ತ,
ಅದರ ತೂತಿನಿಂದ ಹಿಂದಿನ ಹಾಳೆಯ ಒಂದಕ್ಷರ ಇಣುಕುತ್ತಿತ್ತು.
ಬಂದವರು ಉಸಿರು ಬಿಗಿಹಿಡಿದರು.
ನಾನು ಚಹಾ ಎತ್ತರದಿಂದ ಸುರಿದೆ, ನೊರೆ ಬರಲೆಂದು.

ಅವರು ಫೋಟೋಕ್ಕೆಂದು ಅಂಗಳಕ್ಕಿಳಿದಾಗ
"ನಿಮ್ಮವರ ಹೆಸರೂ ಇದೆ ಇಲ್ಲಿ" ಅಂತ
ಎರವಲಿನ ಪಟ್ಟಿ ಬಿಚ್ಚಿದ.
ಹಲಗೆಯ ಮೇಲೆ ಕಲಿತ ಅಕ್ಷರ,
ತುಕ್ಕು ಹಿಡಿದಿದ್ದರೂ ಬೆರಳಿಟ್ಟು ಓದಿದೆ:

ತೌಫಾ, ಬಾಬಾಹನ ಮಗಳು.
ಒಂಟೆಗಳ ಕಜ್ಜಿ ಮತ್ತು ಅದರ ಮದ್ದು, ಒಂದು ಹೊತ್ತಗೆ.
ಅಡವು: ಗಬ್ಬದ ಹೆಣ್ಣೊಂಟೆ ಒಂದು.
ಅವಧಿ: ಖರ್ಜೂರ ಕೆಂಪಾಗುವವರೆಗೆ.

ಎದುರಿನ ಕಾಲಂ ಖಾಲಿ.

"ಎಷ್ಟು ಕಾಲವಾಯಿತು?"
"ನೂರಾ ಮೂವತ್ತು ಸಲ ಕೆಂಪಾಗಿದೆ" ಅಂದು ನಕ್ಕ.
"ಆ ಒಂಟೆ?"
"ನಮ್ಮ ಮುತ್ತಜ್ಜ ಮಾರಿ ತಿಂದಿರಬೇಕು.
ಹೊತ್ತಗೆಯನ್ನು ಮರಳು ತಿಂದಿರಬೇಕು.
ಲೆಕ್ಕ ಸಮ."

ನಾನು ಗ್ಲಾಸು ತೊಳೆದೆ.
ತೊಳೆದದ್ದನ್ನೇ ಮತ್ತೆ ತೊಳೆದೆ.

ನಮ್ಮನೆಯಲ್ಲೊಂದು ಗಂಟಿದೆ.
ಆಡಿನ ತೊಗಲು, ಏಳು ಸುತ್ತು ದಾರ,
ಯಾರೂ ಬಿಚ್ಚಬಾರದೆಂದು ಅಜ್ಜಿಯ ಅಜ್ಜಿಯ ಆಣೆ.
ಹೆರಿಗೆನೋವು ಶುರುವಾದರೆ ದಿಂಬಿನಡಿ ಇಡುವುದು.
ಅದರ ಮೇಲೆ ತಲೆಯಿಟ್ಟೇ ಅಮ್ಮ ನನ್ನ ಹೆತ್ತಳು,
ನಾನು ಐವರನ್ನು.
ಮೂರನೆಯದು ಅಡ್ಡ ತಿರುಗಿದ ರಾತ್ರಿ
ಕಿವಿಯೊತ್ತಿ ಕೇಳಿದ್ದೆ,
ಒಳಗೆ ಕಾಗದ ಸರಪರ ಅಂದಿತ್ತು.
ದೇವರ ಹೆಸರುಗಳಿರಬೇಕೆಂದು
ಒಂದೊಂದೇ ಎಣಿಸುತ್ತ ಬೆಳಗು ಮಾಡಿದ್ದೆ.

ಕಜ್ಜಿ!
ಕೀಲೆಣ್ಣೆಗೆ ಎಷ್ಟು ಗಂಧಕ, ಎಷ್ಟು ಬೆಣ್ಣೆ!

ಸಂಜೆ ಅಬ್ದಾತಿ ಬೀಗ ಹಾಕುವಾಗ
ನಾಲಗೆಯ ತುದಿಗೇ ಬಂದಿತ್ತು ಮಾತು.
ಆದರೆ ಬೀದಿಯಾಚೆ ನಮ್ಮ ಸುಕೈನಾ
ಸೊಂಟಕ್ಕೆ ಕೈಯಿಟ್ಟು ಅಂಗಳ ಅಳೆಯುತ್ತಿದ್ದಳು.
ಚೊಚ್ಚಲು. ಒಂಬತ್ತು ತುಂಬಿದೆ.

ಗೊನೆಯಲ್ಲಿ ಖರ್ಜೂರ ಇನ್ನೂ ಹಸಿರು.
ಕೆಂಪಾಗಲಿ, ಅಬ್ದಾತಿ.
ತಂದುಕೊಡುವೆ.