ಒಳಗಿರೋರಿಗೆ

ಮಂಡ್ಯ ಸ್ಟೇಷನ್ನಿನ ಮೇಲ್ಸೇತುವೆಗೆ
ಆ ಕಡೆ ನಲವತ್ತಾರು, ಈ ಕಡೆ ನಲವತ್ತಾರು ಮೆಟ್ಟಿಲು.
ಎಣಿಸುವ ಕೆಲಸ ನನ್ನದು.
ದಾದಿ ಹತ್ತುವಳು, ಇಳಿಯುವಳು,
ಬುರ್ಖಾದ ಅಂಚು ಎತ್ತಿ ಹಿಡಿದು.
ಒಂದು ಸುತ್ತಿಗೆ ಒಂದು ಹುಣಿಸೆ ಬೀಜ
ನನ್ನ ಎಡ ಜೇಬಿನಿಂದ ಬಲ ಜೇಬಿಗೆ.

"ಯಾವ ಗಾಡಿಗಮ್ಮೋ?" ಅಂದರು ಟೀಸಿ ಚಲುವಯ್ಯ, ಮೊದಲ ದಿನ.
"ಹಿರಾ ಗುಹೆಗೆ" ಅಂದಳು, ಪ್ಲಾಟ್‌ಫಾರಂ ಟಿಕೆಟ್ ತೋರಿಸಿ.
ಅವರು ಗಾಡಿಗಳ ಬೋರ್ಡಿನ ಕಡೆ ತಿರುಗಿ ನೋಡಿದರು.
ಎಂಟನೇ ದಿನದಿಂದ ಟಿಕೆಟ್ ಕೇಳಲಿಲ್ಲ.
"ಇವತ್ತೆಷ್ಟಾಯ್ತು ಮಗಾ?" ಅನ್ನುತ್ತಿದ್ದರು ನನ್ನನ್ನು.

ಹತ್ತಲೇಬೇಕೆಂದೇನಿಲ್ಲ, ಅಂದಿದ್ದ
ಮೈಸೂರು ಮಂಡಿ ಮೊಹಲ್ಲಾದ ಟ್ರಾವೆಲ್ಸಿನ ಹುಡುಗ,
ಪಾಸ್‌ಪೋರ್ಟು ತಿರುವುತ್ತ: ಜೈತೂನ್ ಬಿ, ಐವತ್ತೆಂಟು.
ಉಮ್ರಾದ ಲೆಕ್ಕಕ್ಕೆ ಅದು ಸೇರುವುದಿಲ್ಲ,
ಸಾವಿರದ ಮೇಲೆ ಮೆಟ್ಟಿಲು, ನಿಮ್ಮ ಮಂಡಿ ನೋಡಿದರೆ ಹೀಗೆ,
ಬಸ್ಸಿನಿಂದಲೇ ಬೆಟ್ಟ ಕಾಣುತ್ತೆ.
ದಾದಿ ತಲೆಯಾಡಿಸಿದಳು. ಅದು ಹೂಂ ಅಲ್ಲವೆಂದು
ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಗುತ್ತಲಿನ ನಮ್ಮ ಮನೆಯ ಗೋಡೆಗೊಂದು ಮೊಳೆ,
ಮೊಳೆಗೆ ಮೂರಂತಸ್ತಿನ ಕ್ಯಾರಿಯರ್ರು.
ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಗೆ,
ಕಬ್ಬು ಅರೆಯುವ ತಿಂಗಳುಗಳಲ್ಲಿ, ಇಪ್ಪತ್ತೆರಡು ವರ್ಷ
ದಾದಿ ಅದನ್ನು ಹೊತ್ತು ನಡೆದಿದ್ದಾಳೆ.
ಕೆಳಗೆ ಮುದ್ದೆ, ನಡುವೆ ಸಾರು, ಮೇಲೆ ಒಂದು ಈರುಳ್ಳಿ.
ಗೇಟಿನಾಚೆ ಒಂದು ದಿನವೂ ಹೋದವಳಲ್ಲ.
ಒಳಗೆ ಬೆಂಕಿ ಹೇಗಿರುತ್ತದೆಂದು ದಾದಾ ಹೇಳಲಿಲ್ಲ,
ಅಂಗಿಯ ತೂತುಗಳಿಂದ ಅವಳೇ ತಿಳಿದುಕೊಂಡಳು.

ಹೋದಳು. ಬಂದಳು.
ಖರ್ಜೂರ ಹಂಚಿದಳು, ಝಮ್‌ಝಮ್ ನೀರನ್ನು
ಬಾಟಲಿಯ ಮುಚ್ಚಳದಲ್ಲಿ ಅಳೆದಳು.
ಸ್ಟೇಷನ್ನಿಗೂ ಒಂದು ಮುಚ್ಚಳ ಹೋಯಿತು.

"ಗುಹೆ ಎಷ್ಟು ದೊಡ್ಡದಿದೆ ದಾದಿ?"
"ನಮ್ಮ ಬಚ್ಚಲಷ್ಟು."
"ಒಳಗೆ ಹೋದೆಯಾ?"

ಇಲ್ಲ. ಬಂಡೆಯ ಸಂದಿ, ಸಂದಿಯ ತುಂಬ ಜನ,
ಎಲ್ಲರ ಕೈಯಲ್ಲೂ ಫೋನಿನ ಬೆಳಕು.
ಯಾವುದೋ ದೇಶದ ಹೆಂಗಸು ಬೆನ್ನಿಗೆ ಕೈಯಿಟ್ಟು
ಹೋಗು ಹೋಗು ಎಂದು ತನ್ನ ಭಾಷೆಯಲ್ಲಿ ತಳ್ಳಿದಳಂತೆ.
ದಾದಿ ಪಕ್ಕಕ್ಕೆ ಸರಿದು, ಅವಳನ್ನೇ ಮುಂದೆ ಬಿಟ್ಟು,
ಕಲ್ಲಿನ ಮೇಲೆ ಕೂತಳು.

"ಓದು ಅಂತ ಮೊದಲ ಮಾತು ಇಳಿದ ಜಾಗ ಕಣೇ ಅದು.
ನನಗೆ ಬಸ್ಸಿನ ಬೋರ್ಡೂ ಓದಕ್ಕೆ ಬರಲ್ಲ.
ನನಗೆ ದಾರಿ ನೋಡಬೇಕಿತ್ತು.
ಖದೀಜಾ ಬೀಬಿ ಊಟ ಹೊತ್ತು ಹತ್ತುತ್ತಿದ್ದರಂತಲ್ಲ,
ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು.
ಆಗ ಮೆಟ್ಟಿಲಿಲ್ಲ, ಹಿಡಿಯೋಕೆ ಕಂಬಿಯಿಲ್ಲ.
ಒಂದು ಕೈ ಊಟಕ್ಕೆ ಹೋದರೆ
ಇನ್ನೊಂದು ಕೈ ಎಲ್ಲಿ ಊರುತ್ತಿದ್ದರು ಅಂತ
ಕಲ್ಲು ಕಲ್ಲೂ ನೋಡಿಕೊಂಡು ಹತ್ತಿದೆ."

"ಸಿಕ್ಕಿತಾ?"
ದಾದಿ ಅಂಗೈ ತಿರುಗಿಸಿ ತೋರಿಸಿದಳು.
ತರಚಿ, ಒಣಗಿ, ಹೊಸ ಚರ್ಮ ಬರುತ್ತಿದ್ದ ಒಂದು ಗೆರೆ.
ಮತ್ತೆ ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು.

ಮಾರನೆಯ ಮಧ್ಯಾಹ್ನ ಮೊಳೆ ಖಾಲಿ.
ದಾದಾ ಹೋಗಿ ಹನ್ನೊಂದು ವರ್ಷ, ನಾನು ಹುಟ್ಟಿ ಹನ್ನೊಂದು ವರ್ಷ.
ಬೀದಿಯ ತುಂಬ ಕಾಕಂಬಿಯ ವಾಸನೆ.
ಓಡಿದೆ. ಕಾರ್ಖಾನೆಯ ಗೇಟಿನ ಮುಂದೆ
ನಿಂತಿದ್ದಳು, ಕೈ ಬದಲಾಯಿಸುತ್ತ.
ವಾಚ್‌ಮನ್ ಹೊಸಬ, ಮೀಸೆಯೂ ಹೊಸದು.
"ಯಾರಿಗಮ್ಮ ಊಟ? ಹೆಸರೇಳಿ."

ಹಬೆಯ ಸದ್ದಿಗೆ ಅವಳು
ಸ್ವಲ್ಪ ಜೋರಾಗಿಯೇ ಹೇಳಬೇಕಾಯಿತು:
"ಒಳಗಿರೋರಿಗೆ."